ಈಜುಕೊಳಕ್ಕೆ ಉಡಿ ತುಂಬಿದ್ದು

ಮರುಳಸಿದ್ದಮ್ಮನ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಕೂಡ್ಲಿಗಿಯ ಹಳೇ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಕೋಳಿ ಕದ್ದವನಿರಲಿ, ಬೆಲ್ಲ ಕದ್ದ ಮೊಮ್ಮಗಳಿರಲಿ, ಮೈಲಾರದಿಂದ ತಂದ ಭಂಡಾರದ ಡಬ್ಬಿಯನ್ನು ಎದುರಿಗಿಟ್ಟು "ಮುಟ್ಟಿ ಹೇಳು" ಅಂದಳೆಂದರೆ ಮುಗಿಯಿತು. ಮೈಲಾರಲಿಂಗನ ಆ ಅರಿಸಿನದ ಪುಡಿ ಮುಟ್ಟಿ ಸುಳ್ಳಾಡುವ ಗುಂಡಿಗೆ ಯಾರಿಗಿತ್ತು? ಅಂಥ ಮರುಳಸಿದ್ದಮ್ಮ ತನ್ನದೇ ಡಬ್ಬಿಯನ್ನು ನೋಡಲಾರದೆ ಮುಖ ತಿರುಗಿಸುವ ದಿನ ಬಂತು. ಬಂದದ್ದು ಮಗ ಕಟ್ಟಿಸಿದ ಈಜುಕೊಳದಿಂದ.

ಮಗ ಕಾಂತೇಶ ಅದಿರಿನ ಲಾರಿ ಓಡಿಸಿ ದುಡ್ಡು ಕಂಡವನು. ಅಪ್ಪ ಮೈಲಪ್ಪ ಇನ್ನೂ ಕುರಿ ಹಿಂಡಿನ ಹಿಂದೆ ಊರೂರು ಸುತ್ತುತ್ತಿರುವಾಗಲೇ ಇವನು ಕೂಡ್ಲಿಗಿಯ ಹೊರಗೆ, ಕೊಟ್ಟೂರು ರಸ್ತೆಗೆ ಬಂಗಲೆ ಕಟ್ಟಿಸಿ ಹಿತ್ತಲಲ್ಲಿ ನೀಲಿ ಟೈಲ್ಸಿನ ಕೊಳ ತೋಡಿಸಿದ. ಊರವರು ಅದಕ್ಕೆ 'ಕಾಂತೇಶನ ಹೊಂಡ' ಎಂದು ಹೆಸರಿಟ್ಟು ನಕ್ಕರು. ನಗುವ ಹಾಗೆಯೇ ಆಯಿತು ಕೂಡ. ನೀರನ್ನು ಸೋಸಿ ತಿರುಗಿಸುವ ಮೋಟರಿಗೆ ಕರೆಂಟು ಬೇಕು. ಕೂಡ್ಲಿಗಿಯ ಕರೆಂಟೋ, ಬಂದಾಗ ಬಂತು, ಹೋದಾಗ ಹೋಯಿತು. ತಿಂಗಳು ತುಂಬುವುದರೊಳಗೆ ನೀರು ಪಾಚಿಗಟ್ಟಿ ಎಮ್ಮೆ ಇಳಿಯುವ ಕೆರೆಯಂತಾಯಿತು.

ಆಗ ಬಂದವನು ಹುಲುಗೇಶ. ಹಳೇ ಓಣಿಯಲ್ಲಿ ಮರುಳಸಿದ್ದಮ್ಮನ ಕಣ್ಣೆದುರೇ ಬೆಳೆದವನು. ಮೋಟರ್ ರಿಪೇರಿ ಕಲಿತು, ಬಸ್‌ಸ್ಟ್ಯಾಂಡಿನ ಹತ್ತಿರ ಸೋಲಾರಿನ ಅಂಗಡಿ ತೆರೆದು, ಗಿರಾಕಿಗಾಗಿ ಬಾಗಿಲು ನೋಡುತ್ತ ಕೂತಿದ್ದ. ಅವನ ಮೊದಲ ದೊಡ್ಡ ಕೆಲಸವೇ ಇದು. ಮಹಡಿಯ ಮೇಲೆ ಸೋಲಾರ್ ಪ್ಲೇಟು ಕೂರಿಸಿ, ಹೊಸ ಮೋಟರು ಜೋಡಿಸಿ, ಮರುಳಸಿದ್ದಮ್ಮನನ್ನು ಕರೆದು ತೋರಿಸಿದ.

"ದೊಡ್ಡವ್ವ, ಇದಕ್ಕ ಕರೆಂಟು ಬ್ಯಾಡ. ಬಿಸ್ಲು ಬಿತ್ತಂದ್ರ ತಾನ ತಿರುಗತೈತಿ."

"ಹಂಗಾದ್ರ ನಮ್ಮೂರಾಗ ಇದು ನಿಲ್ಲೂದ ಇಲ್ಲ ಬಿಡಲೇ," ಎಂದು ಅವಳು ನಕ್ಕಿದ್ದಳು.

ಅವತ್ತು ಹುಲುಗೇಶನ ಹೆಂಡತಿ ಹೊನ್ನೂರಮ್ಮನೂ ಬಂದಿದ್ದಳು. ಗಂಡನ ಕೆಲಸ ಊರಲ್ಲಿ ನಿಲ್ಲಲಿ ಎಂದು ಮರುಳಸಿದ್ದಮ್ಮನಿಗೆ ಉಡಿ ತುಂಬಿದಳು. ಅಕ್ಕಿ, ಅರಿಸಿನ ಕೊಂಬು, ಎಲೆ ಅಡಿಕೆ, ಹಸಿರು ಕುಬುಸದ ಖಣ. ಖಣ ಅಗ್ಗದ್ದೇ, ಆದರೆ ಕೆಂಪು ಅಂಚಿನ ಮೇಲೆ ಸಣ್ಣ ತೇರಿನ ಚಿತ್ತಾರ ಚೆಂದವಿತ್ತು. "ನಿನ್ನ ಗಂಡನ ಕೈ ಬಂಗಾರದ್ದಾಗ್ಲಿ," ಎಂದು ಮರುಳಸಿದ್ದಮ್ಮ ಬಾಯ್ತುಂಬ ಹರಸಿ ಕಳಿಸಿದಳು.

ನೀರು ಕನ್ನಡಿಯಾಯಿತು. ಮೊಮ್ಮಗಳು ಚಂದನಾಳ ಹುಟ್ಟುಹಬ್ಬಕ್ಕೆ ಹೊಸಪೇಟೆಯಿಂದ ಕಾಂತೇಶನ ದೊಡ್ಡ ದೊಡ್ಡ ಸ್ನೇಹಿತರು, ಅವರ ಮಕ್ಕಳು ಬರುವವರಿದ್ದರು. ಮಕ್ಕಳೆಲ್ಲ ನೀರಿಗಿಳಿಯುತ್ತಾರೆಂದು ಕೇಳಿದಾಗಿನಿಂದ ಮರುಳಸಿದ್ದಮ್ಮನಿಗೆ ಒಂದೇ ಚಿಂತೆ. ಬೋರು ಕೊರೆಸಿ ನೀರು ಬಿದ್ದರೆ ಮೊದಲು ಗಂಗಮ್ಮನಿಗೆ ಉಡಿ ತುಂಬಬೇಕು, ಆಮೇಲೆ ಬಾಯಿಗೆ ಹನಿ. ಈ ಕೊಳಕ್ಕೆ ಒಂದು ಹೂವೂ ಬಿದ್ದಿರಲಿಲ್ಲ. ಕೇಳಿದ್ದಕ್ಕೆ ಕಾಂತೇಶ, "ಅವ್ವಾ, ಅದೇನು ಬಾವಿ ಅಲ್ಲ. ಅದರಾಗ ಒಂದು ಕಡ್ಡಿನೂ ಹಾಕಬ್ಯಾಡ," ಎಂದು ಖಡಾಖಂಡಿತ ಹೇಳಿಬಿಟ್ಟಿದ್ದ.

ಆದರೆ ಮಗನ ಮಾತಿಗಿಂತ ಮಕ್ಕಳ ಜೀವ ದೊಡ್ಡದಲ್ಲವೇ? ಹುಟ್ಟುಹಬ್ಬದ ದಿನ ಬೆಳಿಗ್ಗೆ, ಬಿಸಿಲೇರುವ ಮೊದಲು, ಅಡುಗೆಮನೆಯ ಫ್ಯಾನು ನಿಂತಿತು. ಕರೆಂಟು ಹೋಯಿತು, ಇನ್ನು ಮೋಟರಿನ ಭಯವಿಲ್ಲ ಎಂದು ಅವಳಿಗೆ ಧೈರ್ಯ ಬಂತು. ಹುಟ್ಟಿದಾಗಿನಿಂದ ಕಂಡ ಲೆಕ್ಕ ಅದೇ, ಕರೆಂಟು ಹೋದರೆ ಮೋಟರು ಮಲಗುತ್ತದೆ. ಹುಲುಗೇಶ ಹೇಳಿದ್ದು ಆ ಗಳಿಗೆಗೆ ನೆನಪಿಗೇ ಬರಲಿಲ್ಲ. ಕೈಗೆ ಸಿಕ್ಕ ಹೊನ್ನೂರಮ್ಮನ ಖಣದಲ್ಲೇ ಅಕ್ಕಿ, ಅರಿಸಿನ ಕಟ್ಟಿ, "ತಾಯಿ ಗಂಗಮ್ಮ, ಮಕ್ಕಳನ್ನ ಕಾಯವ್ವ" ಎಂದು ಮೆಲ್ಲಗೆ ನೀರಿಗೆ ಬಿಟ್ಟಳು. ಸಂಜೆ ತೆಗೆದರಾಯಿತು ಅಂದುಕೊಂಡಳು.

ಬಿಸಿಲು ಬಿತ್ತು. ಮೋಟರು ತಾನೇ ತಿರುಗಿತು. ಗಂಟು ಹೋಗಿ ನೀರೆಳೆಯುವ ಪೈಪಿನ ಬಾಯಿಗೆ ಸಿಕ್ಕಿಕೊಂಡಿತು. ನೀರು ಸಿಗದ ಮೋಟರು ಒಣಗಿ ಒಣಗಿ, ಕಡೆಗೆ ಹೊಗೆ ಕಾರಿ ಸುಟ್ಟಿತು. ಸುಟ್ಟದ್ದೂ ಹೊಸಪೇಟೆಯವರೆಲ್ಲ ಕಾರಿನಿಂದ ಇಳಿಯುವ ಹೊತ್ತಿಗೆ ಸರಿಯಾಗಿ. ಹಿತ್ತಲೆಲ್ಲ ಕಮಟು ವಾಸನೆ. ಮಕ್ಕಳು ಮೂಗು ಮುಚ್ಚಿಕೊಂಡರು, ಚಂದನಾ ಅಳತೊಡಗಿದಳು.

ಕಾಂತೇಶ ಫೋನು ಮಾಡಿ ಹುಲುಗೇಶನನ್ನು ಕರೆಸಿದ. ಮರುಳಸಿದ್ದಮ್ಮ ಹಿತ್ತಲ ಬಾಗಿಲ ಹಿಂದೆ ನಿಂತಿದ್ದಳು. ಹುಲುಗೇಶ ನೀರಿಗಿಳಿದು ಮುಳುಗಿದ. ಎದ್ದಾಗ ಅವನ ಮುಷ್ಟಿ ಬಿಗಿದಿತ್ತು. ಬೆರಳ ಸಂದಿಯಲ್ಲಿ ಕೆಂಪು ಅಂಚು. ಅವನು ತಲೆಯೆತ್ತಿ ನೇರ ಅವಳನ್ನೇ ನೋಡಿದ. ಆಮೇಲೆ ಆ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಬಂದ.

"ಎಂಥಾ ದರಿದ್ರ ಕೆಲಸ ಮಾಡೀಯಲೇ!" ಕಾಂತೇಶ ಬಂದವರೆದುರೇ ಕೂಗಾಡಿದ. "ಹಳೇ ಮಾಲು ಹಾಕೀಯೋ, ಹೊಸಾದೋ? ಅವ್ವಾ, ಭಂಡಾರದ ಡಬ್ಬಿ ತಗಂಬಾ. ಮುಟ್ಟಿ ಹೇಳ್ಲಿ, ನಂದೇನೂ ತಪ್ಪಿಲ್ಲ ಅಂತ."

ಡಬ್ಬಿ ತಂದವಳು ಅವಳೇ. ಹುಲುಗೇಶನ ಮುಂದೆ ಹಿಡಿದವಳೂ ಅವಳೇ. ಅವನು ಮುಟ್ಟಿಬಿಡಲಿ, ನಿಜ ಹೊರಗೆ ಬಂದುಬಿಡಲಿ ಎಂದು ಒಂದು ಮನಸ್ಸು. ಬಾರದಿರಲಿ ಎಂದು ಇನ್ನೊಂದು. ಮಗನ ಕೋಪ, ಮೊಮ್ಮಗಳ ಅಳು, ಅಷ್ಟು ಜನ ದೊಡ್ಡವರ ಕಣ್ಣು. ಇಷ್ಟು ವರ್ಷ ಊರಿಗೆಲ್ಲ ನಿಜ ಹೇಳಿಸಿದವಳು ಡಬ್ಬಿಯಿಂದ ಮುಖ ತಿರುಗಿಸಿದಳು.

"ಆಣಿ ಬ್ಯಾಡ್ರಿ ಅಣ್ಣಾ," ಅಂದ ಹುಲುಗೇಶ. "ಕೂರಿಸಿದಾವ ನಾನು. ಸುಟ್ಟೈತಿ ಅಂದಮ್ಯಾಲ ತಪ್ಪೂ ನಂದ."

ಭಂಡಾರ ಮುಟ್ಟದವನನ್ನು ಊರು ಏನೆಂದು ತಿಳಿಯುತ್ತದೆ? ಸಂಜೆಯೊಳಗೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಗಳಿಗೆಲ್ಲ ಸುದ್ದಿ ಮುಟ್ಟಿತು. ತೋಟದ ಮನೆಗೆ ಸೋಲಾರ್ ಹಾಕಿಸುತ್ತೇನೆಂದಿದ್ದ ಎರ್ರೆಪ್ಪ ಬೇಡವೆಂದ. ಅವನ ಹಿಂದೆ ಉಳಿದವರೂ. ಮರುಳಸಿದ್ದಮ್ಮ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡಳು. ಹೇಗೂ ವಯಸ್ಸಿನ ಹುಡುಗ, ಸುಧಾರಿಸಿಕೊಳ್ಳುತ್ತಾನೆ ಎಂದೂ ಅಂದುಕೊಂಡಳು. ಅಂದುಕೊಂಡಿದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟಳು. ಗೋಡೆಯ ದೇವರ ಮಾಡಕ್ಕೆ ದೀಪ ಹಚ್ಚುವಾಗ ಡಬ್ಬಿಯನ್ನು ತಾನು ಮುಟ್ಟದೆ ಸೊಸೆಯ ಕೈಲಿ ಒರೆಸಿಸಿದಳು.

ಕಡೆಗೆ ಮನಸ್ಸು ತಡೆಯದೆ ಸಂತೆಯ ದಿನ ಹಳೇ ಓಣಿಗೆ ಹೋದಳು. ಅಂಗಳದ ಹಗ್ಗದ ಮೇಲೆ ಆ ಹಸಿರು ಖಣ, ಒಗೆದು ಒಣಹಾಕಿದ್ದು, ಒಂದು ಮೂಲೆ ಹರಿದಿತ್ತು. ಹೊನ್ನೂರಮ್ಮ "ಬರ್ರಿ" ಅಂದಳು, ಆದರೆ ಚಾಪೆ ಹಾಸಲಿಲ್ಲ.

"ನಮ್ಮನಿಯವರು ಅಂಗಡಿ ಖಾಲಿ ಮಾಡಾಕ ಹೋಗ್ಯಾರ್ರಿ. ಮೈನ್ಸಿನಾಗ ಕೂಲಿಗೆ ಹೊಕ್ಕಾರಂತ." ಆಮೇಲೆ ಖಣದ ಕಡೆ ಕೈ ತೋರಿದಳು. "ಅದನ್ನ ಯಾಕ ವಾಪಸ್ ಕೊಟ್ರಿ ದೊಡ್ಡವ್ವ? ನೀವ ಕೊಟ್ರಿ ಅಂತ ಅವರು ತಂದ್ರು. ಬಡವರ ಮನಿ ಖಣ ಅಂತ ಬ್ಯಾಡ ಆತೇನ್ರಿ?"

ಮರುಳಸಿದ್ದಮ್ಮನಿಗೆ ಆಗ ಹೊಳೆಯಿತು. ಆ ಹುಡುಗ ಹೆಂಡತಿಗೂ ಹೇಳಿರಲಿಲ್ಲ. ತನ್ನ ಮಾನ ಉಳಿಸಲು ಅವನು ಸ್ವಂತ ಹೆಸರು ಕಳೆದುಕೊಂಡ, ಹೊನ್ನೂರಮ್ಮ ಮನಸ್ಸಿಗೆ ಮುಳ್ಳು ಚುಚ್ಚಿಸಿಕೊಂಡು ಕೂತಿದ್ದಾಳೆ. ಮರುಳಸಿದ್ದಮ್ಮ ಹಗ್ಗದಿಂದ ಖಣ ಎಳೆದುಕೊಂಡು ಎದೆಗೊತ್ತಿ, "ಬ್ಯಾಡ ಅಂದಿಲ್ಲ ನನ್ನವ್ವ, ಗಂಗಮ್ಮಗ ಕೊಟ್ಟಿದ್ದೆ," ಎಂದು ಅಳುತ್ತಲೇ ಎಲ್ಲ ಹೇಳಿದಳು. ಹೊನ್ನೂರಮ್ಮ ಬೆರಗಾಗಿ ಬಾಗಿಲ ಚೌಕಟ್ಟಿಗೆ ಒರಗಿ ಕೂತುಬಿಟ್ಟಳು.

ಮರುಳಸಿದ್ದಮ್ಮ ಅಲ್ಲಿಂದ ಮನೆಗೆ ಹೋಗಿ ಡಬ್ಬಿ ತಂದಳು. ಬಸ್‌ಸ್ಟ್ಯಾಂಡಿನ ಹುಲುಗೇಶನ ಅಂಗಡಿ ಮುಂದಿನ ಬೆಂಚಿನ ಮೇಲೆ, ಸಂತೆಗೆ ಬಂದ ಜನದ ನಡುವೆ ಕೂತಳು. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಎರ್ರೆಪ್ಪನನ್ನೇ ಮೊದಲು ಕೂಗಿದಳು. ಭಂಡಾರದಲ್ಲಿ ಕೈಯದ್ದಿ ಹಣೆಗೆ ಹಚ್ಚಿಕೊಂಡು, ಹರಿದ ಖಣ ಎತ್ತಿ ಹಿಡಿದಳು.

"ಕೇಳ್ರಪಾ. ಮೋಟ್ರು ಸುಟ್ಟಾಕಿ ನಾನು. ಈ ಖಣ ನೀರಿಗೆ ಬಿಟ್ಟು ಸುಟ್ಟಾಕಿ. ಹುಲುಗೇಶನ ಕೆಲಸದಾಗ ಎಳ್ಳಷ್ಟೂ ತಪ್ಪಿಲ್ಲ. ಇದು ಭಂಡಾರದ ಆಣಿ."

ಸುದ್ದಿ ತಿಳಿದ ಕಾಂತೇಶ ಕಾರು ನಿಲ್ಲಿಸಿ ಓಡಿ ಬಂದ. "ಏಳವ್ವಾ, ಮಾನ ಹೋಗತೈತಿ!"

"ಹುಲುಗೇಶಂದು ಹೋಗಾಗ ನೀ ಎದುರಿಗೆ ಇದ್ದಿ," ಅಂದಳು ಅವಳು. "ನಾ ಡಬ್ಬಿ ಹಿಡಕಂಡು ನಿಂತಿದ್ದೆ."

ಹಲಗೆ ಬಿಚ್ಚುತ್ತಿದ್ದ ಹುಲುಗೇಶ ಅಂಗಡಿಯೊಳಗಿಂದ ಬಂದು ಅವಳ ಕೈ ಹಿಡಿದ. ಅವನ ಕಣ್ಣು ತುಂಬಿತ್ತು. "ಸಾಕು ಬಿಡು ದೊಡ್ಡವ್ವ. ಎಲ್ಲಾರೂ ಕೇಳಿದ್ರು."

"ಎಲ್ಲಿ ಸಾಕಾತಲೇ?" ಮರುಳಸಿದ್ದಮ್ಮ ಬೆಂಚಿನ ಮೇಲೆ ಇನ್ನಷ್ಟು ಭದ್ರವಾಗಿ ಕೂತು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಳು. "ಹಡಗಲಿ ಬಸ್ಸಿನ ಜನ ಇನ್ನೂ ಬಂದಿಲ್ಲ."