ನಾಲಿಗೆ ಕೆಲಸದವಳು

"ನಾಲಿಗೆ ಸತ್ತೋಗಿದೆಯೇನೇ, ಮುಂಡೇದೆ? ಮೂಟೆಗಟ್ಲೆ ಹಿಟ್ಟು ವಾಪಸ್ ಬಂದಿದೆ! ತೊಟ್ಟಿಗೊಂದ್ಸಲ ನೆಕ್ಕೋದು ಬಿಟ್ರೆ ನಿಂಗಿನ್ನೇನೇ ಕೆಲಸ?"

ಮಾಲೀಕ ಬಯ್ಯುತ್ತಿದ್ದದ್ದು ನನ್ನ ಅವ್ವನನ್ನು. ಅವಳು ತಲೆ ತಗ್ಗಿಸಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

ನಮ್ಮದು ಸಿಪ್ಪೆಯ ಕಾರ್ಖಾನೆ. ಜ್ಯೂಸಿನವರು ಹಿಂಡಿ ಬಿಸಾಡಿದ ಕಿತ್ತಳೆ ಸಿಪ್ಪೆ ಲಾರಿಯಲ್ಲಿ ಬರುತ್ತದೆ. ಕೊಚ್ಚಿ, ಕಾಸ್ಟಿಕ್ ಸೋಡಾದ ಬಿಸಿನೀರಲ್ಲಿ ನೆನೆಹಾಕಿ, ನಾಲ್ಕು ನೀರಲ್ಲಿ ತೊಳೆದು, ಹಿಂಡಿ, ಒಣಗಿಸಿ, ಬೀಸಿದರೆ ಬಿಳೀ ನಾರಿನ ಹಿಟ್ಟು. ತಿಂದದ್ದು ಸಲೀಸಾಗಿ ಇಳಿಯದವರು ಅದನ್ನು ನೀರಿಗೆ ಕಲಸಿ ಕುಡಿಯುತ್ತಾರಂತೆ. ಅವರ ಹೊಟ್ಟೆ ತಣ್ಣಗಿರಲಿ.

ಸೋಡಾ ಪೂರ್ತಿ ಹೋಗಿದೆಯೇ ಎಂದು ನೋಡಲು ಬಣ್ಣ ಬದಲಾಗುವ ಕಾಗದವೇನೋ ಇದೆ. ಅದು ಮಾಲೀಕನ ಬೀರುವಿನಿಂದ ಹೊರಬರುವುದು ತಪಾಸಣೆಯವರು ಬಂದ ದಿನ ಮಾತ್ರ. ಉಳಿದ ದಿನ ಅವ್ವ ಒಂದು ಚಿಟಿಕೆ ಬಾಯಿಗಿಟ್ಟು ನೋಡಬೇಕು. ಚುರುಗುಟ್ಟಿದರೆ ಮತ್ತೆ ತೊಳೆಯುವುದು, ಇಲ್ಲದಿದ್ದರೆ ಹಿಂಡಲು ಕಳಿಸುವುದು. ಹನ್ನೊಂದು ವರ್ಷ ಹೀಗೆ ನೋಡಿದಳು. ಈಗ ಎರಡು ತಿಂಗಳಿಂದ ಅವಳಿಗೆ ಉಪ್ಪು ಯಾವುದು, ಸಕ್ಕರೆ ಯಾವುದು ತಿಳಿಯುತ್ತಿಲ್ಲ. ಕೆಲಸ ಹೋಗುವ ಭಯಕ್ಕೆ ನಾವಿಬ್ಬರೂ ಬಾಯಿ ಬಿಡಲಿಲ್ಲ. ಅಂದಾಜಿನ ಮೇಲೆ ಕಳಿಸಿದ ತೊಟ್ಟಿಯ ಹಿಟ್ಟೇ ಹಿಂದಿರುಗಿ ಬಂದಿತ್ತು.

"ತಪ್ಪಾಯ್ತು ಸಾರ್. ಬಾಯೆಲ್ಲ ಬೆಂದೋಗಿದೆ."

"ಬೆಂದಿದ್ರೆ ಮನೇಲಿ ಬಿದ್ಕೋ. ಇನ್ಮೇಲೆ ನಿನ್ ಮಗಳು ನೆಕ್ಲಿ. ಎಳೇ ನಾಲಿಗೆ, ಇನ್ನೊಂದು ಹತ್ತು ವರ್ಷ ಬಾಳಿಕೆ ಬರತ್ತೆ."

ಹಾಗಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕ. 

"ಅವಳು ಹಿಂಡೋ ಮಿಷನ್ನಿನವಳು ಸಾರ್, ಅವಳ್ನ ಬಿಟ್ಬಿಡಿ. ಆ ಕಾಗದ ಒಂದು ಕೊಟ್ರೆ..."

"ಕಾಗದ ನಿಮ್ಮಪ್ಪ ತಂದ್ಕೊಡ್ತಾನಾ? ಏಯ್, ಬಾರೇ ಇಲ್ಲಿ! ಬಾಯ್ ತೆಗಿ!"

ಅವನು ನಿಂತಿದ್ದ ಮೂರನೇ ತೊಟ್ಟಿಗೆ ಆಗಿನ್ನೂ ಒಂದೇ ನೀರು ಹಾಕಿದ್ದರು. ಆದರೂ ಹೋದೆ. ಕರೆದರೆ ಹೋಗಿ ಹೋಗಿ ಕಾಲಿಗೆ ಅಭ್ಯಾಸವಾಗಿದೆ. ನಾನು ಕೈ ಹಾಕುವಷ್ಟರಲ್ಲಿ ಅವ್ವ ನನ್ನನ್ನು ಪಕ್ಕಕ್ಕೆ ತಳ್ಳಿ ಒಂದು ಹಿಡಿ ಬಾಚಿದಳು. ತಾನೇ ತಿನ್ನುತ್ತಾಳೆಂದು ಎಲ್ಲರೂ ಅಂದುಕೊಂಡೆವು. ಅವಳು ಮಾಲೀಕನ ಕೊರಳಪಟ್ಟಿ ಹಿಡಿದು, ಬಯ್ಯಲು ತೆರೆದ ಬಾಯಿಗೆ ಅದನ್ನು ತುರುಕಿದಳು.

"ನಂಗಂತೂ ಗೊತ್ತಾಗಲ್ಲ ಸಾರ್. ನೀವೇ ಹೇಳಿ, ತೊಳೆದಿದ್ದು ಸಾಕಾ?"

ಅವನು ಉಗಿದ, ಕೆಮ್ಮಿದ, ಗಂಟಲು ಹಿಡಿದುಕೊಂಡು ಕುಣಿದಾಡಿದ. "ನೀರು! ನೀರ್ ಬಿಡ್ರೋ, ಬೋಳಿಮಕ್ಳಾ!"

ನೀರು ಬಿಡುವ ಮೋಟಾರಿನ ಗುಂಡಿ ನನ್ನ ಹತ್ತಿರವೇ ಇತ್ತು. ಹಿಂಡುವವರು, ಬೀಸುವವರು, ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಅವ್ವ ಒತ್ತು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ನಾನು ಕೈ ಕಟ್ಟಿಕೊಂಡು ನಿಂತೆ.