ಸಂಗೀತ ಮಾತ್ರ ಬೇಕೆಂದವರು

ಬಿ.ಸಿ. ರೋಡಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ಜುವೈರಿಯಾ ಎರಡು ವರ್ಷ ಒಬ್ಬಳೇ ಕುಳಿತು ಒಂದು ವಿಡಿಯೋ ಗೇಮ್ ಮಾಡಿದಳು. ನೆರೆ ಬಂದ ನದಿಯಲ್ಲಿ ದೋಣಿಯನ್ನು ನರಿಕೊಂಬು ಎಂಬ ಊರಿನ ದಡ ಮುಟ್ಟಿಸುವ ಆಟ. ಸಂಗೀತವೊಂದು ಅವಳಿಗೆ ಬಾರದು. ಕಾಲೇಜಿನ ಗೆಳತಿ, ಶಿರ್ತಾಡಿಯ ಸಾತ್ವಿಕಾ, ಕೀಬೋರ್ಡಿನಲ್ಲಿ ಒಂಬತ್ತು ತುಣುಕು ನುಡಿಸಿ ಸಿ.ಡಿ. ಮಾಡಿ ಕೊಟ್ಟಳು.

2008ರಲ್ಲಿ ಜುವೈರಿಯಾ ತನ್ನದೇ ವೆಬ್‌ಸೈಟಿನಲ್ಲಿ ಆಟವನ್ನು ಮಾರಾಟಕ್ಕಿಟ್ಟಳು. ಕೊಂಡವರು ಬೆರಳೆಣಿಕೆಯಷ್ಟು.

"ಸಂಗೀತವನ್ನು ಬೇರೆಯೇ ಮಾರುವ" ಎಂದಳು ಸಾತ್ವಿಕಾ. "ಅದನ್ನು ಕೇಳಿದವರು ಆಟಕ್ಕೂ ಬಂದಾರು."

ಜುವೈರಿಯಾ ಒಪ್ಪಿದಳು. ಸಂಗೀತ ಮಾರಿಹೋಯಿತು, ಆಟ ಹೋಗಲಿಲ್ಲ. ಫಿನ್ಲೆಂಡಿನ ಒಬ್ಬ ದಾದಿ, ರಾತ್ರಿಪಾಳಿ ಮುಗಿಸಿ ಮನೆಗೆ ಹೋಗುವಾಗ ಮೂರನೆಯ ತುಣುಕನ್ನೇ ಕೇಳುತ್ತೇನೆ, ಆಟ ಆಡಿಲ್ಲ, ಆದರೆ ಆ ನದಿಯನ್ನು ಕಂಡ ಹಾಗಿದೆ ಎಂದು ಜುವೈರಿಯಾಳಿಗೆ ಇಮೇಲ್ ಬರೆದಳು. ಆ ನದಿಯ ಒಂದೊಂದು ಅಲೆಯನ್ನೂ ಬಿಡಿಸಿದವಳು ಜುವೈರಿಯಾ. ಪತ್ರದಲ್ಲಿ ಅವಳ ಹೆಸರಿರಲಿಲ್ಲ.

ಮರುದಿನ ಅವಳು ಸಾತ್ವಿಕಾಳಿಗೆ ಹೇಳದೆ ಸಂಗೀತದ ಪ್ರತ್ಯೇಕ ಮಾರಾಟವನ್ನು ತೆಗೆದುಹಾಕಿದಳು. ಬೇಕಾದವರು ಆಟದ ಜೊತೆಗೇ ಕೊಳ್ಳಲಿ. ಯಾರೂ ಕೊಳ್ಳಲಿಲ್ಲ, ಸಂಗೀತ ಎಲ್ಲಿ ಸಿಗುತ್ತದೆಂದು ಕೇಳುವ ಪತ್ರಗಳಷ್ಟೇ ಬಂದವು. ಅವಳು ಉತ್ತರಿಸಲಿಲ್ಲ.

"ಸಂಗೀತ ಬೇಕೂಂತ ಯಾರಾದರೂ ಕೇಳ್ತಾರಾ?" ಎಂದು ಸಾತ್ವಿಕಾ ಫೋನಿನಲ್ಲಿ ವಿಚಾರಿಸಿದಳು.

"ಇಲ್ಲ ಮಾರಾಯ್ತಿ."

"ಹಾಗಾದರೆ ನಾನು ನುಡಿಸಿದ್ದೇ ಸರಿಯಾಗಲಿಲ್ಲವೇನೋ. ಕೀಬೋರ್ಡ್ ಕೊಟ್ಟುಬಿಡ್ತೇನೆ. ಮೂಡುಬಿದಿರೆಯ ಒಬ್ಬರು ಕೇಳಿದ್ದಾರೆ."

ಜುವೈರಿಯಾಳಿಗೆ ಮೊದಲು ಹಾಯೆನಿಸಿತು. ಹಾಗೆನಿಸಿದ್ದಕ್ಕೇ ಅವಳು ಹೆದರಿದಳು. ಆ ಭಾನುವಾರ ಪತ್ರಗಳನ್ನೆಲ್ಲ ಮುದ್ರಿಸಿಕೊಂಡು ಶಿರ್ತಾಡಿಯ ಬಸ್ಸು ಹತ್ತಿದಳು.

ಸಾತ್ವಿಕಾ ಜಗಲಿಯಲ್ಲಿ ಕುಳಿತು ಒಂದೊಂದಾಗಿ ಓದಿದಳು.

"ಇಷ್ಟು ದಿನ ಇದೆಲ್ಲ ನಿನ್ನ ಹತ್ತಿರ ಇತ್ತಾ?"

"ಇತ್ತು. ನನಗೆ ಹೊಟ್ಟೆಕಿಚ್ಚಾಯ್ತು."

ಸಾತ್ವಿಕಾ ಬೈಯಲಿಲ್ಲ. ಒಳಗಿಂದ ಚಹಾ ತಂದಿಟ್ಟಳು, ತಾನು ಕುಡಿಯಲಿಲ್ಲ. "ಇನ್ನು ನಾನೇ ಮಾರ್ತೇನೆ" ಎಂದಷ್ಟೇ ಹೇಳಿದಳು.

ತಿಂಗಳೊಳಗೆ ಅವಳದೇ ವೆಬ್ ಪುಟ ತೆರೆಯಿತು. ಯಾವ ಆಟಕ್ಕಾಗಿ ನುಡಿಸಿದ್ದು, ಅದನ್ನು ಮಾಡಿದವರು ಯಾರು ಎಂಬುದನ್ನು ಮೊದಲ ಸಾಲಿನಲ್ಲೇ ಬರೆದಿದ್ದಳು. ಜುವೈರಿಯಾ ಹಿಂದೆ ಪತ್ರ ಬರೆದವರಿಗೆಲ್ಲ ಆ ಪುಟದ ವಿಳಾಸ ಕಳಿಸಿದಳು. ದಾದಿಯ ಉತ್ತರ ಅಂದೇ ಬಂತು: ಉಳಿದ ತುಣುಕುಗಳೂ ಸಿಕ್ಕಿದವು, ಗೆಳತಿಗೆ ವಂದನೆ ತಿಳಿಸಿ.

ಓದುವಾಗ ಎದೆಯೊಳಗೆ ಮತ್ತೆ ಅದೇ ಉರಿ. ಆದರೂ ಅವಳು ಪತ್ರವನ್ನು ಸಾತ್ವಿಕಾಳಿಗೆ ಕಳಿಸಿದಳು.