ಮುಂಚೆ ಹೇಳಬಾರದ ಮಾತು

ಜರ್ಮನಿಗೆ ಹೊಸದಾಗಿ ಓದಲು ಬಂದ ಹುಡುಗ ಹುಡುಗಿಯರಿಗೆ ಊರಿನ ರೀತಿನೀತಿ ಹೇಳಿಕೊಡುವುದು ವೀಬ್ಕೆಯ ಕೆಲಸ. ಕರೆದ ಹೊತ್ತಿಗೆ ಸರಿಯಾಗಿ ಹೋಗಿ, ಗ್ಲಾಸು ತಾಗಿಸುವಾಗ ಎದುರಿನವರ ಕಣ್ಣು ನೋಡಿ, ಭಾನುವಾರ ಗೋಡೆಗೆ ಮೊಳೆ ಹೊಡೆಯಬೇಡಿ. ಕೊನೆಗೆ ತಪ್ಪದೆ ಇನ್ನೊಂದು: ಹುಟ್ಟುಹಬ್ಬದ ಶುಭಾಶಯವನ್ನು ಒಂದು ದಿನ ಮುಂಚೆಯೂ ಹೇಳಬೇಡಿ, ಅಪಶಕುನ. ಅವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಆ ಸೆಪ್ಟೆಂಬರಿನಲ್ಲಿ ಅವಳ ಗಂಡ ಹೆನಿಂಗ್‌ನನ್ನು, ಇನ್ನು ಮಾಡುವಂಥದ್ದೇನೂ ಇಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಶನಿವಾರ ಅವನ ಹುಟ್ಟುಹಬ್ಬ. ಅದೊಂದು ದಿನ ಸಿಕ್ಕರೆ ಸಾಕೆಂದು ವೀಬ್ಕೆ ಹಲ್ಲು ಕಚ್ಚಿ ಕಾಯುತ್ತಿದ್ದಳು.

ಮೇಲಿನ ಕೋಣೆಯಲ್ಲಿ ಟುನೀಸಿಯಾದ ವಿದ್ಯಾರ್ಥಿನಿ ರಾನಿಯಾ ಬಾಡಿಗೆಗಿದ್ದಳು. ಬಂದ ವಾರದಲ್ಲೇ ಹೆನಿಂಗ್ ಅವಳ ಗ್ಲಾಸಿಗೆ ಗ್ಲಾಸು ತಾಗಿಸಿ, ಇನ್ನು ನಾವಿಬ್ಬರೂ ಒಬ್ಬರಿಗೊಬ್ಬರು ‘ನೀನು’ ಎನ್ನೋಣ ಎಂದಿದ್ದ. ವೀಬ್ಕೆ ಮಾತ್ರ ‘ನೀವು’ ಬಿಟ್ಟಿರಲಿಲ್ಲ.

ಗುರುವಾರ ಸಂಜೆ ರಾನಿಯಾ ಪ್ಲಮ್ ಹಣ್ಣಿನ ಕೇಕು ಹಿಡಿದು ಮಂಚದ ಬಳಿ ಬಂದಳು. ಮರುದಿನ ಅವಳು ತರಗತಿಯವರೊಂದಿಗೆ ಬರ್ಲಿನ್‌ಗೆ ಹೊರಡಬೇಕಿತ್ತು.

“ಹೆನಿಂಗ್, ಶನಿವಾರ ನಾನಿರಲ್ಲ, ಅದಕ್ಕೇ ಇವತ್ತೇ...”

“ಹೇಳ್ಬೇಡಿ!” ವೀಬ್ಕೆ ಅಡ್ಡ ಬಂದಳು. “ಎಷ್ಟು ಸಲ ಹೇಳ್ಕೊಟ್ಟಿದೀನಿ ನಿಮಗೆ?”

“ನೋಡು, ಮೇಡಂ ನಿನ್ನ ಫೇಲ್ ಮಾಡ್ತಾರೆ,” ಎಂದ ಹೆನಿಂಗ್. ಆಮೇಲೆ ಹೆಂಡತಿಯ ಕಡೆ ತಿರುಗಿದ. “ಹೇಳ್ಲಿ ಬಿಡೇ. ಇನ್ಯಾವ ಅಪಶಕುನ ಬಾಕಿ ಇದೆ ನಂಗೆ?”

“ಹಾಗನ್ಬೇಡ. ಶನಿವಾರ ಫೋನ್ ಮಾಡಿ ಹೇಳ್ತಾರೆ.”

“ಕೇಕಾದ್ರೂ ಒಂದು ಚೂರು?”

ಅವನ ಬಡಕಲು ಕೈ ತಟ್ಟೆಯತ್ತ ಚಾಚಿತು. ಮಗುವನ್ನು ಗದರುವಂತೆ ವೀಬ್ಕೆ ಅದರ ಮೇಲೊಂದು ಏಟು ಕೊಟ್ಟಳು. “ಅದೂ ಶನಿವಾರವೇ.” ಅವನು ನಕ್ಕು ಕೈ ಹಿಂದಕ್ಕೆಳೆದುಕೊಂಡ.

ಶುಕ್ರವಾರ ಮಧ್ಯಾಹ್ನ ಅವಳು ಕಿಟಕಿ ತೆರೆದು ತಿರುಗುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.

ಸುದ್ದಿ ತಿಳಿದು ಶನಿವಾರ ಬೆಳಿಗ್ಗೆ ರಾನಿಯಾ ಪ್ರವಾಸ ಬಿಟ್ಟು ಬಂದಳು. ಬಾಗಿಲಲ್ಲೇ ನಿಂತು, ಕೈ ಹಿಡಿದು, ವೀಬ್ಕೆಯೇ ಕಲಿಸಿದ್ದ ಸಂತಾಪದ ಮಾತನ್ನು ಒಂದೂ ತಪ್ಪಿಲ್ಲದೆ ಹೇಳಿದಳು. ವೀಬ್ಕೆ ತಲೆಯಾಡಿಸಿದಳು, ಪಾಠ ಒಪ್ಪಿಸಿಕೊಂಡವಳ ಹಾಗೆ. ಅಳು ಬರಲಿಲ್ಲ.

ಫ್ರಿಜ್ಜಿನಿಂದ ಕೇಕು ತೆಗೆದು ತಂದು ಖಾಲಿ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು. ಅದಕ್ಕೆ ಯಾರ ಬೆರಳೂ ತಾಗಿರಲಿಲ್ಲ.

“ಇವತ್ತೇ ಆ ದಿನ. ಈಗ ಹೇಳಬಹುದು,” ಎಂದಳು. “ಹೇಳು, ರಾನಿಯಾ.”

ರಾನಿಯಾ ದಿಂಬಿನ ಕಡೆ ನೋಡಿದಳು.

“ಹೇಳೇ. ಕಾಯ್ತಿದ್ದ ಅವನು.”

“ಹುಟ್ಟುಹಬ್ಬದ ಶುಭಾಶಯ, ಹೆನಿಂಗ್.”

ವೀಬ್ಕೆ ಒಂದು ಚೂರು ಕತ್ತರಿಸಿ ತಟ್ಟೆಗೆ ಹಾಕಿದಳು. ಯಾರ ಕೈಗೆ ಕೊಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು.